ಕಟ್ಟುವ ಮುನ್ನ ಒಂದು ಮಳೆಗಾಲ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಅವರ ಕಾಲದಲ್ಲಿ ಕಾರ್ಖಾನೆಗಳಿರಲಿಲ್ಲ; ಇದ್ದಿದ್ದರೆ ಮೂರನೆಯ ಮಾತಾಗಿ ಅದನ್ನೂ ಸೇರಿಸದೆ ಇರುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಮನೆ ಕಟ್ಟುವಾಗ ತಪ್ಪಿದರೆ ಒಂದು ಕುಟುಂಬದವರು ತಲೆ ತಗ್ಗಿಸಿಕೊಂಡು ಆ ಬಾಗಿಲಲ್ಲಿ ನಡೆದಾರು. ಮದುವೆಯಲ್ಲಿ ಕೊರತೆಯಾದರೆ ಬೀಗರು ನಾಲ್ಕು ದಿನ ಆಡಿಕೊಂಡಾರು. ಕಾರ್ಖಾನೆಯಲ್ಲಿ ತಪ್ಪಿದರೆ ಸಾಲ ಕೊಟ್ಟವರು, ಕೂಲಿಗೆ ಬಂದವರು, ಒಡವೆ ಅಡವಿಟ್ಟವರು, ಎಲ್ಲರೂ ಒಂದೇ ದಿನ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುವವನಲ್ಲ. ಹದಿನೇಳನೆಯ ವಯಸ್ಸಿನಲ್ಲಿ ನಮ್ಮ ಮನೆಯ ಅಂಗಳದಲ್ಲಿಯೇ ಕಂಡವನು. ಆದುದರಿಂದ ಮುಂದಿನ ಮಾತುಗಳಲ್ಲಿ ಉಪದೇಶದ ಧ್ವನಿ ಎಲ್ಲಾದರೂ ಕೇಳಿಸಿದರೆ ವಾಚಕರು ಅದನ್ನು ಅನುಭವದ ಗೊಣಗಾಟವೆಂದು ತಿಳಿದು ಕ್ಷಮಿಸಬೇಕು.

ಬಂಟವಾಳದ ಪೇಟೆಯನ್ನು ನೋಡಿದವರಿಗೆ ನೇತ್ರಾವತಿಯ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಘಟ್ಟದಿಂದ ಇಳಿದು ಧರ್ಮಸ್ಥಳದ ಬಳಿ ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಎರಡು ನದಿಗಳ ನೀರನ್ನು ಒಂದೇ ಪಾತ್ರದಲ್ಲಿ ಹೊತ್ತು ಅವಳು ಬಂಟವಾಳಕ್ಕೆ ಬರುತ್ತಾಳೆ. ರಸ್ತೆಗಳಿಲ್ಲದ ಕಾಲದಲ್ಲಿ ಈ ನದಿಯೇ ರಸ್ತೆ. ಮಂಗಳೂರಿನಿಂದ ಉಪ್ಪು, ಒಣಮೀನು ಮೇಲಕ್ಕೆ. ಇಲ್ಲಿಂದ ಅಕ್ಕಿ, ಅಡಕೆ, ಸೌದೆ ಕೆಳಕ್ಕೆ. ಪೇಟೆ ನದಿಯ ಬಗಲಿನಲ್ಲಿ ಬೆಳೆದುದು ಈ ದೋಣಿಗಳ ದೆಸೆಯಿಂದ.

ನನ್ನ ತಂದೆಯವರಿಗೆ ಹಂಚಿನ ಕಾರ್ಖಾನೆ ಕಟ್ಟುವ ಆಸೆ ಹುಟ್ಟಿದುದೂ ಈ ನದಿಯ ದಂಡೆಯಲ್ಲಿಯೇ. ಅದಕ್ಕೆ ಮಾದರಿ ದೂರವಿರಲಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ, ಇದೇ ನೇತ್ರಾವತಿಯ ತೀರದಲ್ಲಿ, ಈ ದೇಶದ ಮೊದಲ ಮಂಗಳೂರು ಹಂಚನ್ನು ಮಾಡಿಸಿದ ಕತೆಯನ್ನು ತಂದೆಯವರು ಪುರಾಣದಂತೆ ಹೇಳುತ್ತಿದ್ದರು. ಎರಡೇ ಎತ್ತು, ಬೆರಳೆಣಿಕೆಯ ಆಳುಗಳು, ದಿನಕ್ಕೆ 560 ಹಂಚು: ಅಲ್ಲಿಂದ ತೊಡಗಿ ಹಬೆಯ ಯಂತ್ರದವರೆಗೆ ಬೆಳೆದ ಉದ್ಯಮ ಅದು. ಕತೆಯ ಕೊನೆಯ ಭಾಗವೇ ತಂದೆಯವರ ಮನಸ್ಸನ್ನು ಹಿಡಿದಿತ್ತು. ಮೊದಲ ಭಾಗ, ಎಂದರೆ ಮಣ್ಣನ್ನು ಪರೀಕ್ಷಿಸಿ ನೋಡಿ, ಎರಡು ಎತ್ತುಗಳಿಂದಲೇ ತೊಡಗಿ, ಕಲಿತು ಬೆಳೆದ ಭಾಗವನ್ನು ಅವರು ಬೇಗ ಬೇಗನೆ ಹೇಳಿ ಮುಗಿಸುತ್ತಿದ್ದರು.

1973ರ ಬೇಸಗೆಯಲ್ಲಿ ಇಬ್ಬರು ಪಾಲುಗಾರರೊಡನೆ ಕೆಲಸ ತೊಡಗಿತು. ತಾಯಿಯವರ ಬಳೆಗಳೂ ಮನೆಯ ಮುಂದಿನ ಎರಡು ಬೆಳೆಯ ಗದ್ದೆಯೂ ಸಾಲಕ್ಕೆ ಈಡಾಗಿ ಹೋದುವು. ಅಕ್ಕನ ಮದುವೆಗೆಂದು ಕೂಡಿಟ್ಟ ಹಣ 'ಒಂದು ವರ್ಷದ ಮಟ್ಟಿಗೆ' ಕಾರ್ಖಾನೆಯ ಲೆಕ್ಕಕ್ಕೆ ಸೇರಿತು. ಆಯ್ದ ಸ್ಥಳ ನದಿಯ ದಂಡೆಯಲ್ಲಿದ್ದ ಸಮತಟ್ಟಾದ ತಗ್ಗು ನೆಲ. ದೋಣಿಯಲ್ಲಿ ಬಂದ ಮಣ್ಣನ್ನೂ ಸೌದೆಯನ್ನೂ ಹತ್ತು ಹೆಜ್ಜೆಯಲ್ಲಿ ಇಳಿಸಿಕೊಳ್ಳಬಹುದು. ನೆಲವನ್ನು ಸಮ ಮಾಡುವ ಖರ್ಚಿಲ್ಲ. ನೀರು ಕೈಗೆಟಕುವಷ್ಟು ಹತ್ತಿರ. ಲೆಕ್ಕದ ಪುಸ್ತಕದಲ್ಲಿ ಅದಕ್ಕಿಂತ ಒಳ್ಳೆಯ ಸ್ಥಳವಿರಲಿಲ್ಲ.

ಅಡಿಪಾಯ ತೋಡುತ್ತಿದ್ದ ದಿನ ಮುದುಕ ಅಂಬಿಗನೊಬ್ಬನು ದೋಣಿ ಕಟ್ಟಿ ಮೇಲೆ ಬಂದು ನೋಡುತ್ತ ನಿಂತನು. ಅವನು ಹುಡುಗನಾಗಿದ್ದಾಗಲೇ 1923ರ ನೆರೆಯನ್ನು ಕಂಡವನು. ಬಂಟವಾಳದ ಮುದುಕರು ಆ ನೆರೆಯ ಮಾತೆತ್ತಿದರೆ ತುಳುವಿನಲ್ಲಿ 'ಬೊಳ್ಳ' ಎನ್ನುತ್ತಿದ್ದರು. ಯಾವ ಬೊಳ್ಳವೆಂದು ಯಾರೂ ಕೇಳುತ್ತಿರಲಿಲ್ಲ. ಅಂಬಿಗನು, "ಧಣಿಗಳೇ, ಇದು ನೀರು ಮಲಗುವ ಜಾಗ" ಎಂದನು. ತಂದೆಯವರು ನಗುತ್ತ, "ಐವತ್ತು ವರ್ಷದಿಂದ ಮಲಗಿಲ್ಲವಲ್ಲ" ಎಂದರು. ಅವನು, "ಐವತ್ತು ವರ್ಷದಿಂದ ಎದ್ದು ನಡೆಯುತ್ತಿದೆ, ದಣಿದಿರಬಹುದು" ಎಂದು ಹೇಳಿ ದೋಣಿ ಬಿಚ್ಚಿದನು. ಕೆಲಸದವರೆಲ್ಲರೂ ನಕ್ಕರು, ನಾನೂ ನಕ್ಕೆನು. ನಮ್ಮ ನೆರೆಮನೆಯ ಜಗಲಿಯ ಗೋಡೆಯಲ್ಲಿ ಆ ನೆರೆಯ ನೀರು ಮುಟ್ಟಿದ ಮಟ್ಟಕ್ಕೆ ಯಾರೋ ಉಳಿಯಿಂದ ಗೀರಿದ ಗೆರೆಯೊಂದಿತ್ತು. ಆ ಗೆರೆಯಿಂದ ನಮ್ಮ ಹೊಸ ಅಡಿಪಾಯದವರೆಗೆ ಒಂದು ಹಗ್ಗ ಹಿಡಿದು ಅಳೆಯಲು ಅರ್ಧ ಗಳಿಗೆಯೂ ಬೇಕಾಗಿರಲಿಲ್ಲ. ಯಾರೂ ಅಳೆಯಲಿಲ್ಲ.

1974ರ ಜುಲೈ ತಿಂಗಳಲ್ಲಿ ಬಂಟವಾಳಕ್ಕೆ ಮತ್ತೆ ನೆರೆ ಬಂತು. ಆ ನೆರೆಯ ವರ್ಣನೆ ಇಲ್ಲಿ ಬೇಡ. ಊರಿನ ಪ್ರತಿಯೊಂದು ಹಳೆಯ ಮನೆಯಲ್ಲಿಯೂ ಅದನ್ನು ಹೇಳುವವರಿದ್ದಾರೆ. ಕಾರ್ಖಾನೆಯ ಮಟ್ಟಿಗೆ ಆದುದನ್ನು ಮಾತ್ರ ಹೇಳುತ್ತೇನೆ. ಅಚ್ಚಿನಿಂದ ತೆಗೆದ ಹಸಿ ಹಂಚನ್ನು ಸುಡುವ ಮುಂಚೆ ಮರದ ಅಟ್ಟಳಿಗೆಗಳಲ್ಲಿ ನೆರಳಿಗೆ ಒಣಗಿಸಬೇಕು. ಮಳೆಗಾಲದಲ್ಲಿ ಅದು ನಿಧಾನವಾಗುವುದರಿಂದ ನಮ್ಮ ಕೊಟ್ಟಿಗೆಯಲ್ಲಿ ಸಾವಿರಾರು ಹಂಚುಗಳು ಸಾಲಾಗಿ ನಿಂತಿದ್ದುವು. ಎರಡು ದಿನ ನೀರಿನೊಳಗಿದ್ದು ಹೊರಬಂದ ಮೇಲೆ ಅಟ್ಟಳಿಗೆಗಳು ಹಾಗೆಯೇ ಇದ್ದುವು, ಹಂಚುಗಳಿರಲಿಲ್ಲ. ಅವು ಮತ್ತೆ ಮಣ್ಣಾಗಿ, ನದಿ ತಂದ ಮಣ್ಣಿನೊಡನೆ ಬೆರೆತು, ಮೊಣಕಾಲುದ್ದದ ಕೆಸರಾಗಿ ನೆಲದಲ್ಲಿ ಬಿದ್ದಿದ್ದುವು. ಬೆಂಕಿಯ ಬಿಸಿ ಆರದಿದ್ದ ಗೂಡಿಗೆ ತಣ್ಣೀರು ನುಗ್ಗಿ ಕಮಾನು ಬಿರಿದಿತ್ತು. ತಂದೆಯವರು ಆ ಕೆಸರಿನಲ್ಲಿ ನಿಂತು, ಒಂದು ಹಿಡಿ ಮಣ್ಣನ್ನು ಎತ್ತಿ, ಬೆರಳಿನಿಂದ ತಿಕ್ಕಿ ನೋಡಿದರು. ಮಣ್ಣು ಚೆನ್ನಾಗಿದೆಯೇ ಎಂದು ನೋಡುವ ಹಳೆಯ ರೂಢಿ, ಅಷ್ಟೆ.

ಪಾಲುಗಾರಿಕೆ ಆ ವರ್ಷವೇ ಮುರಿಯಿತು. ಗದ್ದೆ ಹೋಯಿತು. ಅಕ್ಕನಿಗೆ ನಿಶ್ಚಯವಾಗಿದ್ದ ಸಂಬಂಧ ತಪ್ಪಿ, ಮತ್ತೆ ಮದುವೆಯಾಗಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷಗಳಲ್ಲಿ ಅವಳು ನಮ್ಮ ಕಡೆಯ ಎಷ್ಟೋ ಮನೆಗಳ ಹೆಂಗಸರಂತೆ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಮನೆಯನ್ನು ಸಾಗಿಸಿದಳು. ನಾನು ಓದು ಬಿಟ್ಟು ಮಂಗಳೂರಿನಲ್ಲಿ ಕಟ್ಟಡದ ಗುತ್ತಿಗೆದಾರರೊಬ್ಬರ ಹತ್ತಿರ ಲೆಕ್ಕ ಬರೆಯಲು ಸೇರಿದೆನು. ಆಗ ಪಣಂಬೂರಿನ ಕಡೆ ಕಟ್ಟುವ ಕೆಲಸಕ್ಕೆ ಬರವಿರಲಿಲ್ಲ. 1974ರಲ್ಲಿ ಅಲ್ಲಿಯ ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತ್ತು. 1976ರಲ್ಲಿ ಗೊಬ್ಬರದ ಕಾರ್ಖಾನೆ ನಡೆಯತೊಡಗಿತು. ಅಲ್ಲಿಂದ ಮೊದಲ್ಗೊಂಡು ಮೂವತ್ತೈದು ವರ್ಷ ಸಣ್ಣ ದೊಡ್ಡ ಕಾರ್ಖಾನೆಗಳು ಏಳುವುದನ್ನು ಲೆಕ್ಕದ ಪುಸ್ತಕದ ಕಿಟಕಿಯಿಂದ ನಾನು ನೋಡಿದ್ದೇನೆ.

ಆ ಕಿಟಕಿಯಿಂದ ಕಂಡ ಮೊದಲ ಸತ್ಯವೇನೆಂದರೆ, ಕಟ್ಟಡಕ್ಕಾಗಿ ಕಾರ್ಖಾನೆಯಲ್ಲ, ಕೆಲಸಕ್ಕಾಗಿ ಕಟ್ಟಡ. ಮನೆಯನ್ನು ಕಟ್ಟಿದ ಮೇಲೆ ಮಂಚವನ್ನು ಎಲ್ಲಿಡಬೇಕೆಂದು ಯೋಚಿಸಬಹುದು. ಕಾರ್ಖಾನೆಯಲ್ಲಿ ಹಾಗಲ್ಲ, ಮೊದಲು ಸರಕು ಯಾವ ಬಾಗಿಲಿಂದ ಬಂದು, ಎಲ್ಲೆಲ್ಲಿ ನಿಂತು, ಯಾವ ಬಾಗಿಲಿಂದ ಹೋಗುತ್ತದೆಂಬ ದಾರಿಯನ್ನು ಕಾಗದದ ಮೇಲೆ ಬರೆಯಬೇಕು. ಆ ದಾರಿಯ ಮೇಲೆ ಯಂತ್ರಗಳನ್ನು ಕೂರಿಸಬೇಕು. ಯಂತ್ರಗಳ ಸುತ್ತ ಗೋಡೆ ಬರಬೇಕು. ಒಂದು ಕಡೆ ಯಂತ್ರದ ನಕ್ಷೆ ಬರುವ ಮುನ್ನವೇ, ಆತುರದಿಂದ, ಕಾಂಕ್ರೀಟಿನ ಪೀಠವನ್ನು ಹಾಕಿಸಿ ಬೋಲ್ಟುಗಳನ್ನು ನೆಟ್ಟಿದ್ದರು. ಯಂತ್ರ ಬಂದಾಗ ಅದರ ತೂತುಗಳಿಗೂ ಬೋಲ್ಟುಗಳಿಗೂ ನಾಲ್ಕು ಬೆರಳಿನ ವ್ಯತ್ಯಾಸ. ಗಟ್ಟಿಯಾದ ಪೀಠವನ್ನು ಒಡೆದು ಮತ್ತೆ ಹಾಕಿ, ಅದು ಬಲಿಯುವವರೆಗೆ ಕಾಯುವುದರೊಳಗೆ ಮಳೆ ಬಂತು. ಉಳಿಸಲು ಹೊರಟ ಮೂರು ವಾರಗಳಿಗೆ ಐದು ತಿಂಗಳ ದಂಡ ತೆರಬೇಕಾಯಿತು.

ಎರಡನೆಯದು ಮಳೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನಿನಿಂದ ಸಪ್ಟೆಂಬರಿನೊಳಗೆ. ಯಕ್ಷಗಾನದ ಮೇಳಗಳವರು ಇದನ್ನು ಚೆನ್ನಾಗಿ ತಿಳಿದಿದ್ದಾರೆ. ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಬೇಕೆಂಬುದು ಅವರಿಗೆ ವರ್ಷದ ಮೊದಲ ಆಟದಂದೇ ಗೊತ್ತು. ತಿರುಗಾಟದ ಲೆಕ್ಕವೆಲ್ಲ ಆ ದಿನದಿಂದ ಹಿಂದಕ್ಕೆ ಎಣಿಸಿ ಹಾಕಿದುದು. ಕಟ್ಟಡ ಕಟ್ಟುವವರು ಮಾತ್ರ ಪ್ರತಿವರ್ಷವೂ ಮಳೆಯನ್ನು ಹೊಸ ಸುದ್ದಿಯೆಂಬಂತೆ ಕೇಳುತ್ತಾರೆ. ಮೇ ತಿಂಗಳ ಕೊನೆಯ ವಾರದಲ್ಲಿ ಅರೆ ಎದ್ದ ಗೋಡೆಗಳ ನಡುವೆ ಮಾಡಿನ ಕಬ್ಬಿಣಕ್ಕಾಗಿ ಓಡಾಡುವ ಧಣಿಗಳನ್ನು ನಾನು ಎಷ್ಟು ಮಂದಿಯನ್ನು ಕಂಡೆನೋ ಲೆಕ್ಕವಿಟ್ಟಿಲ್ಲ.

ಕೆಲಸದಿಂದ ಬಿಡುವು ಪಡೆದ ಮೇಲೆ ನಾನು ಮೂಡಬಿದಿರೆಗೆ ಬಂದು ನೆಲಸಿದೆನು. ಹದಿನೆಂಟು ಬಸದಿಗಳ ಈ ಊರಲ್ಲಿ ಬೆಳಗಿನ ನಡಿಗೆಗೆ ಹೊರಟವನು ಯಾವುದಾದರೊಂದು ಬಸದಿಯ ಮುಂದೆ ನಿಲ್ಲದೆ ಹಿಂದಿರುಗಲಾರನು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ಭಕ್ತರು ಭಕ್ತಿಯಿಂದಲೂ ರಸಿಕರು ಕಂಬಗಳ ಕೆತ್ತನೆಗಾಗಿಯೂ ನೋಡುತ್ತಾರೆ. ಗುತ್ತಿಗೆದಾರನ ಗುಮಾಸ್ತನಾಗಿದ್ದ ನನಗೆ ಕಂಡುದು ಬೇರೆ. ನೆಲದ ಮಟ್ಟದಲ್ಲಿ ಕಲ್ಲು. ನೀರು ಬಡಿದರೂ ನೆನೆದರೂ ಕೆಡದುದು. ಮೇಲಿನ ಅಂತಸ್ತುಗಳಲ್ಲಿ ಮರ, ಭಾರ ಕಡಿಮೆ. ಇಳಿಜಾರಾದ ಮಾಡುಗಳು ಗೋಡೆಯನ್ನು ದಾಟಿ ಹೊರಕ್ಕೆ ಚಾಚಿ, ಬಿದ್ದ ಮಳೆಯನ್ನು ಅಡಿಪಾಯದಿಂದ ದೂರ ಎಸೆಯುತ್ತವೆ. ಮುಂದಿನ ಭೈರಾದೇವಿ ಮಂಟಪ ಆಮೇಲೆ ಸೇರಿದುದೆನ್ನುತ್ತಾರೆ. ಆದರೆ ಅದಕ್ಕೆ ಸ್ಥಳ ಮೊದಲೇ ಕಾದಿತ್ತೋ ಎಂಬಂತೆ ಕೂಡಿಕೊಂಡಿದೆ. ಆರು ನೂರು ಮಳೆಗಾಲಗಳನ್ನು ಕಂಡ ಕಟ್ಟಡವನ್ನು ಕಟ್ಟಿದವರು ಮೊದಲು ಮಳೆಯನ್ನು ಕಂಡಿರಲೇಬೇಕು. ಆ ಕಂಬಗಳ ನಡುವೆ ನಿಂತಾಗ ನನ್ನ ತಂದೆಯವರಿಗೆ ಬೇಕಾಗಿದ್ದುದು ಹೆಚ್ಚಿನ ಹಣವಲ್ಲ, ಹೆಚ್ಚಿನ ಧೈರ್ಯವೂ ಅಲ್ಲ, ಆ ನೆಲದ ಮೇಲೆ ಬರಿಗೈಯಲ್ಲಿ ಕಳೆದ ಒಂದು ಮಳೆಗಾಲ ಮಾತ್ರ ಎಂದು ನನಗೆ ಅನಿಸಿತು.

ಹೀಗಿರಲು 2018ರ ಫೆಬ್ರವರಿಯಲ್ಲಿ ಅಕ್ಕನ ಮಗನು ಒಂದು ನಕ್ಷೆಯ ಸುರುಳಿಯನ್ನು ಹಿಡಿದುಕೊಂಡು ಬಂದನು. ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡದ ಒಂದು ಹಳ್ಳಿಯಲ್ಲಿ, ಗೇರುಬೀಜದ ಕಾರ್ಖಾನೆ ಕಟ್ಟುವ ಸಂಕಲ್ಪ. ಸ್ಥಳವನ್ನು ಕೊಂಡಾಗಿತ್ತು, ಭೂಪರಿವರ್ತನೆಯ ಕಾಗದವೂ ಬಂದಿತ್ತು. ಸಾಲಕ್ಕೆ ಅಕ್ಕನ ಮನೆಯ ದಸ್ತಾವೇಜು ಬ್ಯಾಂಕಿನಲ್ಲಿತ್ತು. "ಮಾವ, ಮಾರ್ಚಿಯಲ್ಲಿ ಅಡಿಪಾಯ, ಮಳೆಗೆ ಮುಂಚೆ ಮಾಡು, ದೀಪಾವಳಿಗೆ ಆರಂಭ" ಎಂದನು. ಅವನ ಅಜ್ಜನ ಧ್ವನಿ ನನಗೆ ಕೇಳಿಸಿದಂತಾಯಿತು.

ಸ್ಥಳವನ್ನು ನೋಡಲು ಹೋದೆನು. ಮೇಲೆ ಮುರಕಲ್ಲಿನ ಗುಡ್ಡೆ, ಕೆಳಗೆ ಚಾಪೆ ಹಾಸಿದಂಥ ಬಯಲು, ಬಯಲಿನ ಅಂಚಿನಲ್ಲಿ ಒಣಗಿದ ತೋಡು. ಅವನ ನಕ್ಷೆಯಲ್ಲಿ ಬಾಯ್ಲರು, ಉಗ್ರಾಣ, ಬೀಜ ಒಡೆಯುವ ಕೊಠಡಿ ಎಲ್ಲವೂ ಬಯಲಿನಲ್ಲಿದ್ದುವು. ಗುಡ್ಡೆಯನ್ನು ಕಡಿಯುವ ಖರ್ಚು ಉಳಿಯುತ್ತದೆಂಬುದು ಅವನ ವಾದ. ವಾದದಲ್ಲಿ ತಪ್ಪೂ ಇರಲಿಲ್ಲ. ನಾನು, "ಈ ತೋಡಿನಲ್ಲಿ ಆಟಿಯ ತಿಂಗಳಲ್ಲಿ ನೀರು ಎಷ್ಟಿರುತ್ತದೆ?" ಎಂದು ಕೇಳಿದೆನು. ಅವನಿಗೆ ಗೊತ್ತಿರಲಿಲ್ಲ. "ಹಾಗಾದರೆ ಒಂದು ಮಳೆಗಾಲ ಕಾಯಬೇಕು" ಎಂದೆನು.

ಆ ಒಂದು ಮಾತಿನಿಂದ ಮನೆಯಲ್ಲಿ ಎದ್ದ ಗಾಳಿ ಸಾಮಾನ್ಯವಲ್ಲ. ಅಳಿಯನು ಮಾತು ಬಿಟ್ಟನು. ಅಕ್ಕನು ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನು ಮುಟ್ಟದೆ, "ನಿನಗೆ ಅಪ್ಪನ ನೆರೆ ಇನ್ನೂ ಇಳಿದಿಲ್ಲ. ಅದರಲ್ಲಿ ನನ್ನ ಮಗನನ್ನೂ ಮುಳುಗಿಸಬೇಡ" ಎಂದಳು. ಅವಳ ಮಾತು ಸುಳ್ಳಲ್ಲವಾದುದರಿಂದ ಮತ್ತಷ್ಟು ನೋವಾಯಿತು. ಹೆದರಿಕೆಯನ್ನು ವಿವೇಕವೆಂದು ಕರೆದುಕೊಳ್ಳುವ ಮುದುಕರು ಲೋಕದಲ್ಲಿ ಕಡಿಮೆಯೇನಲ್ಲ; ಅವರಲ್ಲಿ ನಾನೂ ಒಬ್ಬನೋ ಎಂದು ಎರಡು ರಾತ್ರಿ ಯೋಚಿಸಿದೆನು. ಕೊನೆಗೆ ಅಳಿಯನನ್ನು ಕರೆದು, ಸುಮ್ಮನೆ ಕಾಯಬೇಕೆಂದು ಹೇಳುವುದನ್ನು ಬಿಟ್ಟು, ಕಾಯುವ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಅವನ ಮುಂದಿಟ್ಟೆನು.

ಗೇರುಬೀಜ ನಮ್ಮಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ ಉದುರುತ್ತದೆ. ವರ್ಷವಿಡೀ ನಡೆಯಬೇಕಾದ ಕಾರ್ಖಾನೆಯವರು ಆ ಮೂರು ತಿಂಗಳಲ್ಲಿಯೇ ಬೀಜವನ್ನು ಕೊಂಡು, ಬಿಸಿಲಿನಲ್ಲಿ ಒಣಗಿಸಿ, ಗೋಣಿಯಲ್ಲಿ ತುಂಬಿ, ತೇವ ತಾಗದಂತೆ ಇಡಬೇಕು. ಹಾಗಾದರೆ ಯಂತ್ರಕ್ಕಿಂತ ಮೊದಲು ಬೇಕಾದುದು ಅಂಗಳ ಮತ್ತು ಉಗ್ರಾಣ. ಮಾರ್ಚಿಗೆ ಅಂಗಳ ಸಿದ್ಧವಾಗಬೇಕಾದರೆ ಫೆಬ್ರವರಿಯಲ್ಲಿ ಉಗ್ರಾಣದ ಮಾಡು ಮುಗಿದಿರಬೇಕು. ಅದಕ್ಕೆ ದಶಂಬರದಲ್ಲಿ ಗೋಡೆ. ಗೋಡೆಗೆ ಅಕ್ಟೋಬರ ನವಂಬರದಲ್ಲಿ ಅಡಿಪಾಯ. ಅಡಿಪಾಯಕ್ಕೆ ಮೊದಲು ಆಗಬೇಕಾದುದೆಲ್ಲ ಕಾಗದದ ಕೆಲಸ: ಕಾರ್ಖಾನೆಯ ನಕ್ಷೆಗೆ ಮಂಜೂರಾತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಬಾಯ್ಲರಿನ ನೋಂದಣಿಯ ಸಿದ್ಧತೆ, ಮೆಸ್ಕಾಮಿನವರಲ್ಲಿ ವಿದ್ಯುತ್ತಿನ ಅರ್ಜಿ. ಈ ಕಾಗದಗಳು ಮಳೆಗಾಲದಲ್ಲಿಯೂ ನಡೆಯುತ್ತವೆ, ಕಲ್ಲು ಮಾತ್ರ ನಡೆಯುವುದಿಲ್ಲ. ಕಾಗದಕ್ಕೆ ಮಳೆಗಾಲವನ್ನೂ ಕಲ್ಲಿಗೆ ಬೇಸಗೆಯನ್ನೂ ಕೊಟ್ಟರೆ ಕಾದ ದಿನಗಳಲ್ಲಿ ಬಹುಪಾಲು ಕೆಲಸದ ದಿನಗಳೇ ಆಗುತ್ತವೆ. ಅಳಿಯನು ಪಟ್ಟಿಯನ್ನು ಎರಡು ಸಲ ಓದಿ, "ದೀಪಾವಳಿಗೆ ಆರಂಭಿಸಿದ್ದರೂ ಒಡೆಯಲು ಬೀಜವಿರುತ್ತಿರಲಿಲ್ಲ ಅಲ್ಲವೇ ಮಾವ?" ಎಂದನು. ಹೊರಗಿನ ಬೀಜವನ್ನು ಹೆಚ್ಚಿನ ಬೆಲೆಗೆ ಕೊಳ್ಳಬಹುದಾಗಿತ್ತು; ಆದರೆ ಅವನ ಕೈಯಲ್ಲಿ ಅಷ್ಟು ಹಣವಿರಲಿಲ್ಲ.

ಆ ಮಳೆಗಾಲದಲ್ಲಿ ಅವನು ಪ್ರತಿ ಭಾನುವಾರವೂ ಕೊಡೆ ಹಿಡಿದು ಹೋಗಿ, ಬಯಲಿನಲ್ಲಿ ನೆಟ್ಟ ಅಡಕೆ ಮರದ ಕಂಬಗಳಲ್ಲಿ ನೀರಿನ ಗುರುತು ಹಾಕಿದನು. ತೋಡು ಉಕ್ಕಿ ಬಯಲಿನ ಕೆಳ ಮೂಲೆಯಲ್ಲಿ ಎರಡೆರಡು ದಿನ ನೀರು ನಿಲ್ಲುತ್ತಿದ್ದುದು ಕಂಡಿತು. ಗುಡ್ಡೆಯ ಮೇಲಿನ ನೀರು ಯಾವ ದಾರಿಯಿಂದ ಇಳಿಯುತ್ತದೆ, ಲಾರಿ ಎಲ್ಲಿ ಹೂಳುತ್ತದೆ ಎಂಬುದೂ ತಿಳಿಯಿತು. ಹಳೆಯ ನಕ್ಷೆಯನ್ನು ಬಿಟ್ಟು, ಅನುಮತಿ ಪಡೆದು, ಗುಡ್ಡೆಯ ಮಗ್ಗುಲಲ್ಲಿ ಹಂತವನ್ನು ಕಡಿಯುವ ಹೊಸ ನಕ್ಷೆಯಾಯಿತು. ಕಡಿದ ಮುರಕಲ್ಲು ಗೋಡೆಗೆ ಒದಗಿತು. ಈ ಕಲ್ಲು ನೆಲದಿಂದ ತೆಗೆಯುವಾಗ ಮೆದುವಾಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆಂಬುದನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು. ಹಂತ ಕಡಿದ ಖರ್ಚಿನಲ್ಲಿ ಬಹುಪಾಲು ಕಲ್ಲಿನ ಖರ್ಚಿನಲ್ಲಿ ಕಳೆದುಹೋಯಿತು.

ನಕ್ಷೆಗೆ ಅಕ್ಕನೂ ಒಂದು ತಿದ್ದುಪಡಿ ಹಾಕಿದಳು. ಒಂದು ಸಂಜೆ ಅದನ್ನು ಮೇಜಿನ ಮೇಲೆ ಹರಡಿದ್ದಾಗ, "ಹೆಂಗಸರು ಎಲ್ಲಿ ಕೂತುಕೊಳ್ಳುತ್ತಾರೆ?" ಎಂದು ಕೇಳಿದಳು. ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಒಡೆದು, ತಿರುಳನ್ನು ಒಣಗಿಸಿದ ಮೇಲೆ ಸಿಪ್ಪೆ ಸುಲಿದು ಗಾತ್ರದಂತೆ ಬೇರ್ಪಡಿಸಬೇಕು. ಒಂದು ಪೌಂಡಿಗೆ 180 ತೂಗುವುದು ಒಂದು ದರ್ಜೆ, 240 ತೂಗುವುದು ಇನ್ನೊಂದು, 320 ಮತ್ತೊಂದು. ಇದು ಕಣ್ಣಿನ ಕೆಲಸ, ಬೆರಳಿನ ಕೆಲಸ. ಮಾಡುವವರು ಹೆಚ್ಚಾಗಿ ಹೆಂಗಸರು. ನಕ್ಷೆಯಲ್ಲಿ ಅವರಿಗೆ ಸಿಕ್ಕಿದ್ದುದು ಬಾಯ್ಲರಿನ ಗೋಡೆಗೆ ತಾಗಿದ ಒಳಕೋಣೆ. "ನಾಲ್ಕು ವರ್ಷ ಚಿಮಿಣಿ ದೀಪದಲ್ಲಿ ಬೀಡಿ ಕಟ್ಟಿದ್ದೇನೆ, ನನಗೆ ಗೊತ್ತು" ಎಂದು ಅವಳು ಬೆರಳಿಟ್ಟು ತೋರಿಸಿದ ಕಡೆ, ಬಡಗಣ ಬೆಳಕು ಬೀಳುವ ಉದ್ದದ ಕೋಣೆ ಬಂತು. ಶೌಚಾಲಯವೂ ಮಕ್ಕಳನ್ನು ಮಲಗಿಸುವ ಕೋಣೆಯೂ ಅದರ ಪಕ್ಕಕ್ಕೆ ಸರಿದುವು. ಕೆಲಸದ ಹೊತ್ತು ಬೆಳಗಿನ ಬಸ್ಸಿನ ಹೊತ್ತಿಗೆ ಹೊಂದಿಕೊಂಡಿತು. ಮೂವತ್ತೈದು ವರ್ಷ ಕಾರ್ಖಾನೆಗಳ ಲೆಕ್ಕ ಬರೆದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಇಲ್ಲಿ ಬರೆಯುತ್ತೇನೆ.

ಕಾದುದಕ್ಕೆ ಬೆಲೆಯಿರಲಿಲ್ಲವೆಂದು ಹೇಳಿದರೆ ವಾಚಕರಿಗೆ ವಂಚನೆ ಮಾಡಿದಂತೆ. ಯಂತ್ರಕ್ಕೆ ಕೊಟ್ಟ ಮುಂಗಡದಲ್ಲಿ ಒಂದು ಪಾಲು ಹಿಂದಕ್ಕೆ ಬರಲಿಲ್ಲ. ಬ್ಯಾಂಕಿನ ಬಡ್ಡಿ ಮಳೆಗೆ ನಿಲ್ಲುವುದಿಲ್ಲ. ಆ ತಿಂಗಳುಗಳಲ್ಲಿ ಅಕ್ಕನು ನನ್ನೊಡನೆ ಆಡಿದ ಮಾತುಗಳನ್ನು ಎಣಿಸಬಹುದಾಗಿತ್ತು.

ಕಾರ್ಖಾನೆ 2019ರ ಮಾರ್ಚಿಯಲ್ಲಿ ಬೀಜ ಕೊಳ್ಳತೊಡಗಿತು. ಆ ವರ್ಷದ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಏನಾಯಿತೆಂಬುದು ಜಿಲ್ಲೆಯವರೆಲ್ಲರಿಗೂ ನೆನಪಿದೆ. ಚಾರ್ಮಾಡಿಯ ಕಡೆ ಗುಡ್ಡಗಳು ಜರಿದುವು, ತೋಟಗಳ ಮೇಲೆ ಮರಳೂ ಮರದ ದಿಮ್ಮಿಗಳೂ ಬಂದು ಬಿದ್ದುವು, ಎಷ್ಟೋ ಮಂದಿ ಮನೆ ಬಿಟ್ಟು ಹೋಗಬೇಕಾಯಿತು. ಕೆಳಗೆ ಬಂಟವಾಳದಲ್ಲಿ ನೇತ್ರಾವತಿ 8.5 ಮೀಟರಿನ ಅಪಾಯದ ಮಟ್ಟವನ್ನು ಮೀರಿ ಹರಿದಳು. ಅಳಿಯನ ಬಯಲಿನಲ್ಲಿ ಎದೆಮಟ್ಟದ ನೀರು ನಿಂತು, ಇಳಿದಾಗ ಮೊಣಕಾಲುದ್ದ ಮರಳನ್ನು ಬಿಟ್ಟುಹೋಯಿತು. ಮೊದಲಿನ ನಕ್ಷೆಯಲ್ಲಿ ಬಾಯ್ಲರು ಇದ್ದ ಸ್ಥಳ ಅದು. ಮೇಲಿನ ಹಂತದಲ್ಲಿ ಗೋಣಿಗಳು ಒಣಗಿಯೇ ಇದ್ದುವು.

ಆದರೆ ನಮ್ಮ ಯೋಜನೆಯೂ ಪೂರ್ಣವಾಗಿರಲಿಲ್ಲ. ಕಾರ್ಖಾನೆಗೆ ಇದ್ದ ಒಂದೇ ದಾರಿಯ ಮೋರಿ ಕೊಚ್ಚಿಹೋಗಿ ಹನ್ನೆರಡು ದಿನ ಲಾರಿಯೂ ಬರಲಿಲ್ಲ, ಕೆಲಸದ ಹೆಂಗಸರಿಗೆ ಬಸ್ಸೂ ಇಲ್ಲ. ನೀರು ಎಲ್ಲಿ ನಿಲ್ಲುತ್ತದೆಂದು ನೋಡಿದ ನಾವು ನೀರು ಏನನ್ನು ಕಡಿಯುತ್ತದೆಂದು ನೋಡಿರಲಿಲ್ಲ. ಒಂದು ಮಳೆಗಾಲ ಒಂದು ಪಾಠವನ್ನು ಹೇಳಿಕೊಡಬಹುದು, ಎಲ್ಲವನ್ನೂ ಹೇಳಿಕೊಡುವುದಿಲ್ಲ.

ಬೆಳ್ತಂಗಡಿಯ ಕಡೆಯಿಂದ ನೋಡಿದರೆ ಕುದುರೆಮುಖದ ಶಿಖರ ಕಾಣುತ್ತದೆ. ಅದರ ಹಿಂದೆ 1976ರ ಬಳಿಕ ಕೆಲವೇ ವರ್ಷಗಳಲ್ಲಿ ದೊಡ್ಡದೊಂದು ಕಬ್ಬಿಣದ ಅದಿರಿನ ಉದ್ಯಮ ಎದ್ದಿತು. ಗಣಿ, ಅದಿರನ್ನು ಅರೆದು ಸಾರ ತೆಗೆಯುವ ಕಾರ್ಖಾನೆ, ಲಕ್ಯಾ ಅಣೆಕಟ್ಟು, ಮಂಗಳೂರಿನವರೆಗೆ 67 ಕಿಲೋಮೀಟರಿನ ಕೊಳವೆ ಎಲ್ಲವೂ 1980ಕ್ಕೆ ಸಿದ್ಧವಾದುವು. ಕಟ್ಟುವ ಕಲೆಯ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ಕೆಲಸವನ್ನು ನಮ್ಮ ಸೀಮೆ ಕಂಡಿರಲಿಲ್ಲ. ಆದರೆ ಅದಿರನ್ನು ಕೊಳ್ಳುವೆನೆಂದು ಒಪ್ಪಿ ಹಣ ಕೊಡುತ್ತಿದ್ದ ಇರಾನಿನಲ್ಲಿ 1979ರಲ್ಲಿ ಕ್ರಾಂತಿಯಾಗಿ, ಸಿದ್ಧವಾದ ಕಾರ್ಖಾನೆಗೆ ಕೊಳ್ಳುವವರಿಲ್ಲದಂತಾಯಿತು. ಬೇರೆ ಕೊಳ್ಳುವವರನ್ನು ಹುಡುಕಿ ನಡೆಸಿದರು. ಸುತ್ತಣ ಕಾಡು ಮತ್ತು ಭದ್ರೆಯ ನೀರಿನ ವಿಷಯವಾಗಿ ಎದ್ದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತುಹೋಯಿತು.

ಇದಕ್ಕೆ ಬೇರೊಂದು ಮುಖವೂ ನಮ್ಮಲ್ಲಿಯೇ ಇದೆ. ಬಂಟವಾಳ ತಾಲೂಕಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಅಡಕೆ ಬೆಳೆಗಾರರ ಸಹಕಾರ ಸಂಸ್ಥೆಯಾಗಿ ಕ್ಯಾಂಪ್ಕೋ ಹುಟ್ಟಿತು. ಅಡಕೆ ತೋಟಗಳ ನೆರಳಿನಲ್ಲಿ ನೆಟ್ಟ ಕೋಕೋಗೆ ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ ಅದನ್ನು ಕೊಳ್ಳುವ ಹೊಣೆಯನ್ನೂ ಆ ಸಂಸ್ಥೆ ಹೊತ್ತುಕೊಂಡಿತು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟಿನ ಕಾರ್ಖಾನೆ ಆರಂಭವಾದುದು 1986ರಲ್ಲಿ. ಅಲ್ಲಿ ಸರಕು ಮೊದಲು, ಸರಕಿನ ಒಡೆಯರು ಮೊದಲು, ಯಂತ್ರ ಆಮೇಲೆ.

ಇವೆಲ್ಲವನ್ನೂ ಕೂಡಿಸಿ ನೋಡುವಾಗ ತಂದೆಯವರ ತಪ್ಪು ನನಗೆ ಬೇರೆ ರೀತಿಯಾಗಿ ಕಾಣುತ್ತದೆ. ದೋಣಿಗಾಗಿ ಅವರು ದಂಡೆಯನ್ನು ಆಯ್ದರು. ಆದರೆ 1973ರಲ್ಲಿ ದೋಣಿಯ ಕಾಲ ಮುಗಿಯುತ್ತ ಬಂದಿತ್ತು, ಪಾಣೆಮಂಗಳೂರಿನ ಸೇತುವೆಯ ಮೇಲೆ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದುವು. ಮರೆಯಬಹುದಾಗಿದ್ದ ಹಳೆಯ ದೋಣಿಯನ್ನು ಅವರು ನೆನಪಿಟ್ಟರು; ನೆನಪಿಡಬೇಕಾಗಿದ್ದ ಹಳೆಯ ನೀರನ್ನು ಮರೆತರು. ಅವರು ಸೋಮಾರಿಯೂ ಅಲ್ಲ, ದುರಾಶೆಯವರೂ ಅಲ್ಲ. ಬೇಗನೆ ಮುಗಿಸಿದರೆ ಬೇಗನೆ ಮಗಳ ಮದುವೆ ಮಾಡಬಹುದೆಂದು ಅವಸರಪಟ್ಟವರು. ಅಕ್ಕನಿಗೆ ಈ ಮಾತನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ನನಗೆ ಅವಸರವಿರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ" ಎಂದಳು.

2019ರ ಆ ನೆರೆ ಇಳಿದ ಮೇಲೆ ಅಳಿಯನು ಬಯಲಿನ ಅಂಚಿನಲ್ಲಿ ಒಂದು ಕಲ್ಲು ನೆಟ್ಟು, ನೀರು ಮುಟ್ಟಿದ ಮಟ್ಟಕ್ಕೆ ಗೆರೆ ಕೊರೆಯಿಸಿ, ಪಕ್ಕದಲ್ಲಿ ವರ್ಷವನ್ನು ಬರೆಯಿಸಿದ್ದಾನೆ. ಮುಂದೆ ಆ ನೆಲವನ್ನು ಯಾರಾದರೂ ಕೊಂಡರೆ ಅವರಿಗೂ ಕಾಣಬೇಕೆಂದು ಅವನ ಉದ್ದೇಶ. ಮೋರಿಯ ಸ್ಥಳದಲ್ಲಿ ಈಗ ಎತ್ತರದ ಕಿರುಸೇತುವೆ ಬಂದಿದೆ. ಗುಡ್ಡೆಯ ಹಿಂದಿನಿಂದ ಇನ್ನೊಂದು ದಾರಿಗೂ ನೆರೆಯವರೊಡನೆ ಮಾತಾಗಿದೆ.

ಮೊನ್ನೆ ಅವನು ಮತ್ತೊಂದು ನಕ್ಷೆಯ ಸುರುಳಿಯೊಡನೆ ಬಂದಿದ್ದನು. ಹಂತದ ಬಡಗಣ ತುದಿಯಲ್ಲಿ ಎರಡನೆಯ ಉಗ್ರಾಣ ಕಟ್ಟಬೇಕೆಂದು ಇದ್ದಾನೆ. ನಾನು ಕನ್ನಡಕ ಹಾಕಿಕೊಂಡು ನೋಡಿ, ಎಲ್ಲವೂ ಸರಿಯಾಗಿದೆ, ಯಾವಾಗ ತೊಡಗುತ್ತೀ ಎಂದು ಕೇಳಿದೆನು. ಅವನು ಸುರುಳಿಯನ್ನು ಸುತ್ತುತ್ತ, "ಅಲ್ಲಿ ಗುಡ್ಡೆಯಿಂದ ಒರತೆ ಏಳುತ್ತದೋ ಏನೋ ಮಾವ. ಆಟಿ ಕಳೆಯಲಿ, ನೋಡಿ ಹೇಳುತ್ತೇನೆ" ಎಂದನು.